ಟವೆಲ್ ತೆಗೆದ ಡ್ರಮ್

ಸದ್ದು ಅಡಗಿಸುವುದೇ ಸುಹಾಸಿನಿಯ ಕಸುಬಾಗಿತ್ತು. ವಾರೆನ್ ಎಂಬ ಅಮೆರಿಕನ್ ಊರಿನಲ್ಲಿರುವ ಕಾರು ಕಂಪನಿಯೊಂದರ ಟೆಕ್ನಿಕಲ್ ಸೆಂಟರಿನಲ್ಲಿ ಅವಳು ಎಷ್ಟೋ ವರ್ಷಗಳಿಂದ, ಇನ್ನೂ ಮಾರುಕಟ್ಟೆಗೆ ಬಾರದ ಕಾರುಗಳೊಳಗೆ ಕೂತು ಕಿವಿಗೊಟ್ಟು ಕೇಳುತ್ತ ಬಂದಿದ್ದಳು. ಡ್ಯಾಶ್‌ಬೋರ್ಡಿನ ಯಾವ ಮೂಲೆ ಕಿರ್ ಅನ್ನುತ್ತದೆ, ಬಾಗಿಲೊಳಗಿನ ಯಾವ ಕ್ಲಿಪ್ಪು ಗಡಗಡ ಅನ್ನುತ್ತದೆ ಎಂದು ಪತ್ತೆಹಚ್ಚಿ, ಅಲ್ಲೊಂದು ಚೂರು ಫೋಮ್, ಇಲ್ಲೊಂದು ಪಟ್ಟಿ ರಬ್ಬರ್ ಸೇರಿಸಿ ಅದರ ಬಾಯಿ ಮುಚ್ಚಿಸುವುದರಲ್ಲಿ ಅವಳದು ಎತ್ತಿದ ಕೈ. ಮನೆಯಲ್ಲೂ ಹೆಚ್ಚುಕಡಿಮೆ ಅದೇ ಕೆಲಸ. ಗಂಡ ಶ್ರೀಧರನಿಗೂ ಮಗಳು ತನ್ಮಯಿಗೂ ಮಾತಿಗೆ ಮಾತು ಬೆಳೆದರೆ ನಡುವೆ ಹೋಗಿ ಇಬ್ಬರನ್ನೂ ತಣ್ಣಗೆ ಮಾಡುವವಳು ಅವಳೇ. ಪಾರ್ಟಿಯಲ್ಲಿ ಯಾರಾದರೂ ರಾಜಕೀಯ ಎತ್ತಿ ದನಿ ಏರಿಸಿದರೆ ಕಾಫಿ ತಂದಿಟ್ಟು ಮಾತು ಬದಲಿಸುವವಳೂ ಅವಳೇ. “ಸುಹಾಸಿನಿ ಇದ್ರೆ ಜಗಳಾನೇ ಇರಲ್ಲಪ್ಪ” ಎಂದು ಸ್ನೇಹಿತರು ಹೊಗಳುತ್ತಿದ್ದರು. ಹೊಗಳಿಕೆ ಅವಳಿಗೂ ಇಷ್ಟವಾಗುತ್ತಿತ್ತು.

ತನ್ಮಯಿ ಆನ್ ಆರ್ಬರ್‌ಗೆ ಕಾಲೇಜಿಗೆಂದು ಹೋದ ವರ್ಷ, ಚಳಿ ಶುರುವಾಗಿ ಮನೆ ಬೆಚ್ಚಗಿಡುವ ಫರ್ನೆಸ್ ಹೊತ್ತಿಕೊಂಡ ಮೊದಲ ಬೆಳಿಗ್ಗೆ, ಬೇಸ್‌ಮೆಂಟಿನಿಂದ ಝುರ್ ಎಂಬ ಸದ್ದು ಬರತೊಡಗಿತು. ಫರ್ನೆಸ್ ನಿಂತರೆ ಸದ್ದೂ ನಿಲ್ಲುತ್ತಿತ್ತು, ಮತ್ತೆ ಶುರುವಾದರೆ ಅದೂ ಶುರು. ಕಸುಬುದಾರಳ ಕಿವಿ ಸುಮ್ಮನಿರುತ್ತದೆಯೇ? ಸುಹಾಸಿನಿ ಮೆಟ್ಟಿಲಿಳಿದು ಹೋಗಿ, ಪೈಪುಗಳನ್ನು ಮುಟ್ಟಿ, ಬಟ್ಟೆ ಒಗೆಯುವ ಮಷಿನ್ನಿನ ಬೆನ್ನು ತಟ್ಟಿ, ಕೊನೆಗೆ ಮೂಲೆಯಲ್ಲಿ ಬೆಡ್‌ಶೀಟ್ ಹೊದೆಸಿಟ್ಟಿದ್ದ ಮಗಳ ಡ್ರಮ್ ಸೆಟ್ಟಿನ ಮುಂದೆ ನಿಂತಳು. ಹೈಸ್ಕೂಲ್ ಬ್ಯಾಂಡಿಗೆಂದು ತನ್ಮಯಿ ಹಟ ಹಿಡಿದು ಕೊಡಿಸಿಕೊಂಡಿದ್ದ ಸೆಟ್ಟು. ಅದರಲ್ಲಿ ಬಾರಿಸುವವರ ಮೊಣಕಾಲ ನಡುವೆ ಕೂರುವ ಸ್ನೇರ್ ಡ್ರಮ್ಮಿನ ತಳದಲ್ಲಿ, ಚರ್ಮಕ್ಕೆ ಅಂಟಿದಂತೆ ಸುರುಳಿ ತಂತಿಗಳ ಒಂದು ಪಟ್ಟಿ ಇರುತ್ತದೆ. ಫರ್ನೆಸ್ಸಿನ ಗುಂಯ್‌ಗೆ ಆ ತಂತಿಗಳು ತಾವೇ ನಡುಗಿ ಝುರ್ ಅನ್ನುತ್ತಿದ್ದವು. ಪಕ್ಕದಲ್ಲೊಂದು ಪುಟ್ಟ ಲಿವರ್ ಇತ್ತು. ಅದನ್ನು ಕೆಳಗೆ ತಳ್ಳಿದಳು. ತಂತಿಗಳು ಚರ್ಮ ಬಿಟ್ಟು ಕೆಳಗೆ ಜೋತವು. ಸದ್ದು ನಿಂತಿತು.

ಅಲ್ಲಿಗೆ ಕೆಲಸ ಮುಗಿಯಿತೆಂದು ಮೇಲೆ ಹೋಗಬಹುದಿತ್ತು. ಅವಳು ಲಿವರ್ ಅನ್ನು ಮತ್ತೆ ಮೇಲಕ್ಕೆತ್ತಿದಳು. ಸ್ಟೂಲಿನ ಮೇಲೆ ಬಿದ್ದಿದ್ದ ಕೋಲೊಂದನ್ನು ತೆಗೆದುಕೊಂಡು ಒಂದು ಪೆಟ್ಟು ಹೊಡೆದಳು. ಸುತ್ತಲ ಕಾಂಕ್ರೀಟ್ ಗೋಡೆಗಳು ಆ ಪೆಟ್ಟನ್ನು ಅವಳ ಎದೆಗೇ ವಾಪಸು ಕೊಟ್ಟವು. ಮೇಲಿನಿಂದ ಶ್ರೀಧರ, “ಏನಾಯ್ತು? ಬಿದ್ಯೇನು?” ಎಂದು ಕೂಗಿದ.

“ಏನಿಲ್ಲಾರೀ” ಎಂದಳು. ಇನ್ನೊಂದು ಹೊಡೆದಳು.

ಆ ಚಳಿಗಾಲವೆಲ್ಲ ಅವಳ ಶನಿವಾರದ ಬೆಳಗುಗಳು ಬೇಸ್‌ಮೆಂಟಿನಲ್ಲೇ ಕಳೆದವು. ತಾಳ ಹಿಡಿಯುವುದು ಅವಳಿಗೆ ಅಷ್ಟೇನೂ ಕಷ್ಟವಾಗಲಿಲ್ಲ. ಮೈಸೂರಿನಲ್ಲಿ ಚಿಕ್ಕಂದಿನಲ್ಲಿ ಸಂಗೀತ ಕಲಿತಿದ್ದಳು, ವಿಡಿಯೋ ನೋಡಿ ಕೈ ಪಳಗಿಸಿಕೊಂಡಳು. ಅವಳನ್ನು ಹಿಡಿದು ಕೂರಿಸಿದ್ದು ಬಾರಿಸುವುದಕ್ಕಿಂತ ಹೆಚ್ಚಾಗಿ ಶ್ರುತಿ ಮಾಡುವುದು. ಮಗಳು ಬಾರಿಸಿ ಬಾರಿಸಿ ಮೇಲಿನ ಹೊದಿಕೆ ತಗ್ಗುಬಿದ್ದಿತ್ತು. ಅದನ್ನು ಬಿಚ್ಚಿ ಹೊಸದು ಹಾಕಿದಳು. ಹೆಸರಿಗೆ ಚರ್ಮ, ನಿಜಕ್ಕೆ ಪ್ಲಾಸ್ಟಿಕ್ಕು. ಸುತ್ತ ಬೋಲ್ಟುಗಳು. ಒಂದು ಬೋಲ್ಟನ್ನು ತಿರುಗಿಸಿದರೆ ಪಕ್ಕದ್ದಕ್ಕೆ ಹೋಗಬಾರದು, ಎದುರಿನದಕ್ಕೆ ಹೋಗಬೇಕು. ಹಾಗೆ ಎದುರುಬದುರಾಗಿ, ಅರ್ಧ ಸುತ್ತು, ಕಾಲು ಸುತ್ತು, ಕೂದಲೆಳೆಯಷ್ಟು, ಸಮನಾಗಿ ಬಿಗಿಯುತ್ತ ಹೋಗಬೇಕು. ಪ್ರತಿ ಬೋಲ್ಟಿನ ಬುಡದಲ್ಲೂ ಕೋಲಿನ ತುದಿಯಿಂದ ತಟ್ಟಿ ಕೇಳಬೇಕು. ಎಲ್ಲ ಕಡೆಯೂ ಒಂದೇ ಸ್ವರ ಬರಬೇಕು. ಆಮೇಲೆ ಡ್ರಮ್ಮನ್ನು ಬೋರಲು ಹಾಕಿ, ತಳದ ತೆಳು ಹೊದಿಕೆಗೂ ಅದೇ ಉಪಚಾರ. ಅದು ಮೇಲಿನದಕ್ಕಿಂತ ಬಿಗಿ ಇರಬೇಕು. ಕೊನೆಗೆ ತಂತಿಗಳು: ಸಡಿಲವಾದರೆ ಗೊರಗೊರ, ಹೆಚ್ಚು ಬಿಗಿದರೆ ಗಂಟಲು ಹಿಸುಕಿದ ಹಾಗೆ.

ಡಿಯರ್‌ಬಾರ್ನ್‌ನಲ್ಲಿ ಇನ್ನೊಂದು ಕಾರು ಕಂಪನಿಯ ಇಂಜಿನಿಯರ್ ಆಗಿದ್ದ ಶ್ರೀಧರ ಮೊದಮೊದಲು ತಮಾಷೆಗೆಂದು ಕೆಳಗೆ ಬಂದು ಟಾರ್ಚ್ ಹಿಡಿಯುತ್ತಿದ್ದ. ಅವಳು ಬೋಲ್ಟ್ ತಿರುಗಿಸುವಾಗ ಎದುರಿನದನ್ನು ಬೆರಳಿಟ್ಟು ತೋರಿಸುತ್ತಿದ್ದ. “ಇದು ಟಯರಿನ ನಟ್ಟು ಬಿಗಿಯೋ ಲೆಕ್ಕಾನೇ ಕಣೆ” ಎಂದು ಖುಷಿಪಟ್ಟಿದ್ದ.

ಅವಳಿಗೆ ಬೇಕಾಗಿದ್ದ ಸದ್ದು ಎಂಥದ್ದು ಎಂದು ಮೊದಲು ಅವಳಿಗೇ ತಿಳಿದಿರಲಿಲ್ಲ. ಒಂದು ಶನಿವಾರ ಅದು ಸಿಕ್ಕಿತು. ಹಸಿ ಬಿದಿರು ಸೀಳಿದ ಹಾಗೆ ಮೊದಲು ಒಂದು ಛಟ್. ಅದರ ಬೆನ್ನಿಗೇ, ಉಕ್ಕಿನ ಮೈಯಿಂದ ಎದ್ದ ಒಂದು ಠೇಂಕಾರ, ಒಂದು ಉಸಿರಿನಷ್ಟು ಹೊತ್ತು ಗಾಳಿಯಲ್ಲಿ ನಿಂತು, ತಾನೇ ತಾನಾಗಿ ಕರಗುತ್ತಿತ್ತು. ಕಾರಿನಲ್ಲಿ ಇಂಥ ಠೇಂಕಾರ ಕೇಳಿದ್ದರೆ ಅದನ್ನು ಅಂದೇ ಅಡಗಿಸುತ್ತಿದ್ದಳು. ಇಲ್ಲಿ ಅದು ಕರಗುವವರೆಗೂ ಕೋಲನ್ನು ಗಾಳಿಯಲ್ಲಿ ಹಿಡಿದು ಕೂತಳು. ಫೋನಿನಲ್ಲಿ ಮಗಳಿಗೆ ಕೇಳಿಸಿದಳು.

“ಅಮ್ಮಾ, ದಟ್ಸ್ ಲೌಡ್” ಎಂದಳು ತನ್ಮಯಿ. ಸ್ವಲ್ಪ ತಡೆದು, “ಬಟ್ ಐ ಲೈಕ್ ಇಟ್” ಎಂದಳು.

ಬೇಸಿಗೆಯ ಹೊತ್ತಿಗೆ ಸುಹಾಸಿನಿ ದಿನೇಶನ ಬ್ಯಾಂಡು ಸೇರಿದಳು. ಊರಿನ ಕನ್ನಡ ಕೂಟಕ್ಕೆ ಒಂದು ಆರ್ಕೆಸ್ಟ್ರಾ ಇತ್ತು. ಕೀಬೋರ್ಡ್ ಬಾರಿಸುವ ದಿನೇಶ ಅದರ ಯಜಮಾನ. ಶ್ರೀಧರನ ಆಫೀಸಿನವನೇ, ಇಬ್ಬರೂ ವಾರದಲ್ಲಿ ಕೆಲವು ದಿನ ಒಂದೇ ಕಾರಿನಲ್ಲಿ ಡಿಯರ್‌ಬಾರ್ನ್‌ಗೆ ಹೋಗಿಬರುತ್ತಿದ್ದರು. ಹಾಡುವವಳು ರೇಣು, ಹುಬ್ಬಳ್ಳಿಯವಳು. ಗಿಟಾರಿಗೊಬ್ಬ ಹುಡುಗನಿದ್ದ. ಡ್ರಮ್ಮಿಗೆ ಯಾರೂ ಸಿಗದೆ ಲ್ಯಾಪ್‌ಟಾಪಿನಲ್ಲಿ ತಾಳ ಹಾಕಿಕೊಂಡು ಹಳೆಯ ಸಿನಿಮಾ ಹಾಡು ಹಾಡುತ್ತಿದ್ದರು. ಹೀಗಾಗಿ ಸುಹಾಸಿನಿ ಬರುತ್ತೇನೆಂದಾಗ ದಿನೇಶ ಬಾಯಿತುಂಬ ಸ್ವಾಗತಿಸಿದ. ನೋವೈನಲ್ಲಿದ್ದ ಅವನ ಮನೆಯ ಬೇಸ್‌ಮೆಂಟಿನಲ್ಲಿ ಭಾನುವಾರ ಮಧ್ಯಾಹ್ನ ಪ್ರಾಕ್ಟೀಸು. ಮನೆಯಿಂದ ಹೊತ್ತು ತಂದ ತನ್ನ ಡ್ರಮ್ಮಿನ ಮೇಲೆ ಅವಳು ಮೊದಲ ಪೆಟ್ಟು ಹೊಡೆದ ಕೂಡಲೇ ಅವನ ಭುಜ ಕಿವಿಯವರೆಗೂ ಏರಿತು.

“ಸುಹಾಸಿನಿ ಅವರೇ, ಸೂಪರ್! ಆದ್ರೆ ಸ್ವಲ್ಪ ರಿಂಗ್ ಆಗ್ತಿದೆ ಅಲ್ವಾ? ನಮ್ಮ ಹಾಡುಗಳಿಗೆ ಅಷ್ಟು ಬೇಡ.” ಅವನು ಮೇಲೆ ಹೋಗಿ ಕೈ ಒರೆಸುವ ಟವೆಲ್ ಒಂದನ್ನು ತಂದು, ನಾಲ್ಕು ಮಡಿಕೆ ಮಾಡಿ ಡ್ರಮ್ಮಿನ ಮೇಲೆ ಹಾಸಿದ. “ಈಗ ಬಾರ್ಸಿ.”

ಬಾರಿಸಿದಳು. ಧಪ್ ಅಂದಿತು.

“ಪರ್ಫೆಕ್ಟ್!”

ಅವಳು ನಕ್ಕು ಒಪ್ಪಿಕೊಂಡಳು. ಹೊಸಬಳು, ತಾನಾಗಿ ಕೇಳಿಕೊಂಡು ಬಂದವಳು, ಮೊದಲ ದಿನವೇ ತಕರಾರು ಏಕೆ ಎಂದುಕೊಂಡಳು. ಮುಂದಿನ ವಾರವೂ ಟವೆಲ್. ಅದರ ಮುಂದಿನ ವಾರ ಅವಳು ಡ್ರಮ್ ಇಳಿಸುವಷ್ಟರಲ್ಲೇ ಅವನು ಟವೆಲ್ ಹಾಸಿಬಿಟ್ಟ. ರೇಣು ಮಾತ್ರ ಒಮ್ಮೆ, “ಅಕ್ಕಾರ, ಮೊದಲನೇ ದಿನ ಹೊಡದ್ರಲ್ಲಾ, ಅದು ಛಲೋ ಇತ್ತು ನೋಡ್ರಿ. ಈಗ ಯಾರೋ ಹಾಸಿಗಿ ಝಾಡಿಸಿದಂಗ ಅನ್ನಸ್ತದ” ಎಂದು ಪಿಸುಗುಟ್ಟಿದ್ದಳು. ಸುಹಾಸಿನಿ ಅದಕ್ಕೂ ನಕ್ಕಿದ್ದಳು. ಆದರೆ ಮನೆಗೆ ಬಂದು ಟವೆಲ್ ಇಲ್ಲದೆ ಬಾರಿಸಿದಾಗ, ಆ ಠೇಂಕಾರ ಏಳುತ್ತಲೇ ತಪ್ಪು ಮಾಡಿದವಳಂತೆ ಅಂಗೈಯಿಂದ ಅದನ್ನು ಒತ್ತಿಹಿಡಿಯತೊಡಗಿದಳು.

ಆಗಸ್ಟಿನಲ್ಲಿ ಕೂಟದ ಪಿಕ್‌ನಿಕ್ ಆಯಿತು. ಪಾರ್ಕಿನ ಶೆಲ್ಟರಿನಲ್ಲಿ ಬ್ಯಾಂಡು ಬಾರಿಸಿತು. ಮರುದಿನ ಯಾರೋ ವಿಡಿಯೋ ಕಳಿಸಿದರು. ಕೀಬೋರ್ಡು ಕೇಳುತ್ತಿತ್ತು, ಗಿಟಾರು ಕೇಳುತ್ತಿತ್ತು, ದೂರದಲ್ಲಿ ಕ್ರಿಕೆಟ್ ಆಡುವ ಹುಡುಗರ ಗಲಾಟೆಯೂ ಕೇಳುತ್ತಿತ್ತು. ಹಿಂದೆ ಹಸಿರು ಕುರ್ತಾ ತೊಟ್ಟ ಹೆಂಗಸೊಬ್ಬಳು ತುಟಿ ಕಚ್ಚಿ, ಹಣೆ ಬೆವರಿಸಿ, ಎರಡೂ ಕೈ ಎತ್ತಿ ಎತ್ತಿ ಹೊಡೆಯುತ್ತಿದ್ದಳು. ಅವಳಿಂದ ಏನೂ ಕೇಳುತ್ತಿರಲಿಲ್ಲ. ದಿಂಬು ತಟ್ಟುವವಳಂತೆ ಕಾಣುತ್ತಿದ್ದಳು. ಅದೇ ವಾರ ಅಂಗಡಿಯಲ್ಲಿ ಸಿಕ್ಕ ಪರಿಚಯದ ಆಂಟಿಯೊಬ್ಬರು, “ಓ, ನೀನೂ ಬ್ಯಾಂಡಲ್ಲಿದ್ಯಾ? ಮೊನ್ನೆ ಇರ್ಲಿಲ್ವೇನೋ ಅಲ್ವಾ?” ಎಂದು ಕೇಳಿದರು.

“ಇದ್ದೆ ಆಂಟಿ” ಎಂದಳು ಸುಹಾಸಿನಿ. ಕೊತ್ತಂಬರಿ ಕಟ್ಟು ಕೈಯಲ್ಲಿ ಹಿಡಿದು, ಅದನ್ನು ಬುಟ್ಟಿಗೆ ಹಾಕುವುದನ್ನೂ ಮರೆತು ನಿಂತಿದ್ದಳು.

ಆ ಭಾನುವಾರ ದಿನೇಶನ ಬೇಸ್‌ಮೆಂಟಿಗೆ ಹೋದವಳೇ ಟವೆಲನ್ನು ತೆಗೆದು, ನೀಟಾಗಿ ಮಡಿಸಿ, ಅವನ ಕೀಬೋರ್ಡಿನ ಪಕ್ಕದಲ್ಲಿಟ್ಟಳು.

“ಇನ್ಮೇಲೆ ಇದು ಬೇಡ ದಿನೇಶ್.”

“ಅಯ್ಯೋ, ಯಾಕೆ? ಚೆನ್ನಾಗೇ ಸೆಟ್ ಆಗಿತ್ತಲ್ಲ.”

“ನಿಮಗೆ ಸೆಟ್ ಆಗಿತ್ತು. ನನಗೆ ನನ್ನ ಡ್ರಮ್ಮೇ ಕೇಳಿಸ್ತಿಲ್ಲ.”

“ಹಾಗಲ್ಲ ಸುಹಾಸಿನಿ ಅವರೇ. ನಮ್ಮ ಜನಕ್ಕೆ ಹಾಡು ಕೇಳ್ಬೇಕು. ಡ್ರಮ್ ಹಿಂದೆ ಇರೋದು.”

“ಹಿಂದೇನೇ ಇರತ್ತೆ. ಮೆಲ್ಲಗೆ ಬಾರ್ಸಿ ಅಂದ್ರೆ ಮೆಲ್ಲಗೆ ಬಾರಿಸ್ತೀನಿ. ದೂರ ಕೂತ್ಕೊಳ್ಳಿ ಅಂದ್ರೆ ಕೂತ್ಕೋತೀನಿ. ಬಾಯಿಗೆ ಬಟ್ಟೆ ತುರುಕೋಕೆ ಮಾತ್ರ ಬಿಡಲ್ಲ.”

 ಸುಹಾಸಿನಿ ಇಷ್ಟು ಬಿರುಸಾಗಿ ಮಾತಾಡಿದ್ದನ್ನು ಅವರ್‍ಯಾರೂ ಕೇಳಿರಲಿಲ್ಲ. ಅವಳ ಕಿವಿಯೂ ಬಿಸಿಯಾಗಿತ್ತು. ದಿನೇಶ ಅವತ್ತು ಟವೆಲನ್ನು ಬದಿಗೆ ಸರಿಸಿದ; ಬೇರೆ ಡ್ರಮ್ಮರ್ ಇಲ್ಲವಲ್ಲ. ಆದರೆ ಬಿಟ್ಟನೆಂದೂ ಅಲ್ಲ. ಒಂದು ವಾರ ಡ್ರಮ್ಮಿನ ಸದ್ದು ಹೀರುವ ಜೆಲ್ಲಿನ ಬಿಲ್ಲೆ ತಂದ, ಇನ್ನೊಂದು ವಾರ ಅದಕ್ಕೇ ಅಂಟಿಸಲು ಟೇಪು. ಎಲೆಕ್ಟ್ರಾನಿಕ್ ಪ್ಯಾಡ್ ತರಿಸೋಣವೇ ಎಂದ. ಅದರಲ್ಲಾದರೆ ಬೇಕಾದ ಸೌಂಡು ಸೆಲೆಕ್ಟ್ ಮಾಡಬಹುದು ಎಂದ. “ನನಗೆ ಬೇಕಾದ್ದು ಆಗ್ಲೇ ಸೆಲೆಕ್ಟ್ ಆಗಿದೆ” ಎಂದಳು ಅವಳು. ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಇದರ ಬಿಸಿ ತಟ್ಟಿದ್ದು ಶ್ರೀಧರನಿಗೆ. ಒಟ್ಟಿಗೆ ಹೋಗಿಬರುವಾಗಲೆಲ್ಲ ಕಾರಿನಲ್ಲಿ ದಿನೇಶನ ಗೊಣಗಾಟ ಕೇಳಿಕೊಂಡು ಬರುತ್ತಿದ್ದ. ಊಟದ ಹೊತ್ತಿಗೆ ತಟ್ಟೆ ನೋಡುತ್ತ ಶುರು ಮಾಡುತ್ತಿದ್ದ.

“ಅಷ್ಟೊಂದು ಹಟ ಬೇಕಾ ಸುಹಾ? ಒಂದು ಟವೆಲ್ ವಿಷಯ.”

“ಟವೆಲ್ ವಿಷಯ ಆದ್ರೆ ಅವರೇ ಬಿಡ್ಲಿ.”

“ನಾಳೆ ಎಲ್ಲರ ಮುಖ ನಾವು ನೋಡ್ಬೇಕಲ್ಲ. ಇಷ್ಟು ವರ್ಷ ಯಾರ ಹತ್ರನೂ ಮನಸ್ತಾಪ ಇಲ್ದೆ ಬದುಕಿದೀವಿ.”

“ನಾನು ಯಾರಿಗೂ ಬೈದಿಲ್ಲ. ನನ್ನ ಡ್ರಮ್ ನನಗೆ ಬೇಕಾದ ಹಾಗೆ ಶ್ರುತಿ ಮಾಡ್ಕೊಂಡಿದೀನಿ, ಅಷ್ಟೆ.”

ಅವನು ಹುಳಿಗೆ ಇನ್ನಷ್ಟು ಅನ್ನ ಕಲೆಸಿಕೊಳ್ಳುತ್ತಿದ್ದ. ಈಗೀಗ ಟಾರ್ಚ್ ಹಿಡಿಯಲು ಕೆಳಗೆ ಬರುತ್ತಿರಲಿಲ್ಲ.

ನವೆಂಬರಿನ ಒಂದು ಶನಿವಾರ ರಾಜ್ಯೋತ್ಸವ ಬಂತು. ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಒಂದು ಹೈಸ್ಕೂಲಿನ ಆಡಿಟೋರಿಯಂ ಬಾಡಿಗೆಗೆ ಹಿಡಿದಿದ್ದರು. ಬೆಳಿಗ್ಗೆಯೇ ಸುಹಾಸಿನಿ ಸ್ಟೇಜಿನ ಮೇಲೆ ಕೂತು ಕಡೆಯ ಬಾರಿ ಡ್ರಮ್ಮಿನ ಶ್ರುತಿ ನೋಡಿದಳು. ಬೇಸ್‌ಮೆಂಟಿನ ಗಾಳಿ ಬೇರೆ, ಈ ದೊಡ್ಡ ಹಾಲಿನ ಗಾಳಿ ಬೇರೆ. ಒಂದೆರಡು ಬೋಲ್ಟಿಗೆ ಕೂದಲೆಳೆಯಷ್ಟು ಬಿಗಿ ಕೊಟ್ಟಳು. ಒಂದು ಪೆಟ್ಟು ಹೊಡೆದಾಗ ಅದು ಖಾಲಿ ಕುರ್ಚಿಗಳ ಮೇಲೆ ಹಾದು, ಹಿಂದಿನ ಗೋಡೆ ಮುಟ್ಟಿ ಬಂತು. ಮೈಕು ಇಡುತ್ತಿದ್ದ ಸುಶಾಂತ ಎಂಬ ಹುಡುಗ ಹೆಬ್ಬೆರಳೆತ್ತಿ ತೋರಿಸಿದ. ದಿನೇಶ ಮಾತ್ರ ತಲೆ ಎತ್ತದೆ ವೈರು ಸಿಕ್ಕಿಸುತ್ತಿದ್ದ.

ಮಧ್ಯಾಹ್ನ ಕೆಫೆಟೇರಿಯಾದಲ್ಲಿ ಊಟ. ಬಿಸಿಬೇಳೆಬಾತು ಬಡಿಸಲು ಸಾಲಿನಲ್ಲಿ ನಿಂತವಳು ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಉಂಡು, ಮಕ್ಕಳ ಡಾನ್ಸುಗಳೆಲ್ಲ ಮುಗಿದ ಮೇಲೆ ಸ್ಟೇಜು ಹತ್ತಿದಳು. ಪರದೆ ಸರಿಯಿತು. ಸಭಾಂಗಣ ತುಂಬಿತ್ತು. ನಿರೂಪಣೆ ಮಾಡುತ್ತಿದ್ದ ಗಗನಾ ಬ್ಯಾಂಡಿನವರ ಹೆಸರು ಒಂದೊಂದಾಗಿ ಹೇಳಿದಳು. ಸುಹಾಸಿನಿಯ ಹೆಸರಿಗೂ ಚಪ್ಪಾಳೆ ಬಿತ್ತು. ಮೊದಲ ಹಾಡು ಶುರುವಾಗುವುದು ಅವಳಿಂದ: ಸ್ನೇರಿನ ಮೇಲೆ ಎರಡು ಪೆಟ್ಟು, ಆಮೇಲೆ ಎಲ್ಲರೂ ಒಟ್ಟಿಗೆ.

ಎರಡು ಪೆಟ್ಟು ಹೊಡೆದಳು. ಒದ್ದೆ ರಟ್ಟಿನ ಡಬ್ಬಕ್ಕೆ ಹೊಡೆದ ಹಾಗಾಯಿತು.

ಕೀಬೋರ್ಡು ಎತ್ತಿಕೊಂಡಿತು, ಗಿಟಾರು ಸೇರಿತು, ರೇಣು ಬಾಯಿ ತೆರೆದಳು. ಸುಹಾಸಿನಿಯ ಕೈಗಳು ಅಭ್ಯಾಸದಿಂದ ನಾಲ್ಕು ತಾಳ ಮುಂದೆ ಹೋದವು. ಅಷ್ಟರಲ್ಲಿ ಎಡಗೈ ಬೆರಳು ತಾನಾಗಿ ಡ್ರಮ್ಮಿನ ಅಂಚಿಗೆ ಹೋಗಿ ಒಂದು ಬೋಲ್ಟು ಮುಟ್ಟಿತು. ಸಡಿಲ. ಅದರ ಎದುರಿನದು, ಅದೂ ಅಷ್ಟೇ ಸಡಿಲ. ಬೆರಳು ತಳಕ್ಕೆ ಜಾರಿತು. ಅಲ್ಲಿ ಅಂಟಂಟಾದ ದಪ್ಪ ಟೇಪು. ಪಿಕ್‌ನಿಕ್ಕಿನ ವಿಡಿಯೋದ ಹೆಂಗಸು ಅವಳ ಕಣ್ಣೆದುರು ಬಂದಳು.

ಅವಳು ಕೈ ನಿಲ್ಲಿಸಿದಳು. ಎದ್ದು ನಿಂತು, ಪಕ್ಕದ ಮೈಕನ್ನು ತನ್ನತ್ತ ತಿರುಗಿಸಿಕೊಂಡಳು.

“ಕ್ಷಮಿಸಿ. ಒಂದು ನಿಮಿಷ. ನನ್ನ ಡ್ರಮ್ ಯಾರೋ ಬಿಚ್ಚಿದಾರೆ. ಸರಿ ಮಾಡ್ಕೊಂಡು ಶುರು ಮಾಡ್ತೀನಿ.”

ರೇಣು ಹಾಡು ನಿಲ್ಲಿಸಿದಳು. ಹಾಲಿನಲ್ಲಿ ಗುಸುಗುಸು ಎದ್ದಿತು. ಹಿಂದಿನಿಂದ ಯಾರೋ ನಕ್ಕರು. ಕೂಟದ ಅಧ್ಯಕ್ಷ ರಮೇಶ ಸ್ಟೇಜಿನ ಬದಿಯ ಪರದೆಯ ಮರೆಯಲ್ಲಿ ನಿಂತು, ಮುಂದುವರಿಸಿ, ಮುಂದುವರಿಸಿ ಎಂದು ಕೈ ಬೀಸುತ್ತಿದ್ದ. ಸುಹಾಸಿನಿ ಅತ್ತ ನೋಡಲಿಲ್ಲ. ಡ್ರಮ್ಮನ್ನು ಸ್ಟ್ಯಾಂಡಿನಿಂದ ಎತ್ತಿ ತೊಡೆಯ ಮೇಲೆ ಬೋರಲು ಹಾಕಿಕೊಂಡು, ಟೇಪಿನ ತುದಿ ಹುಡುಕಿ ಎಳೆದಳು. ಮೈಕು ಹತ್ತಿರವೇ ಇತ್ತು. ಪರ್‍ ಎಂದು ಟೇಪು ಕಿತ್ತುಬಂದ ಸದ್ದು ಇಡೀ ಹಾಲಿಗೆ ಕೇಳಿಸಿತು. ಅದನ್ನು ಉಂಡೆ ಮಾಡಿ ಕಾಲ ಬಳಿ ಎಸೆದಳು.

ಜನರ ಬೇಸರ ನೀಗಲೆಂದು ದಿನೇಶ ಕೀಬೋರ್ಡಿನಲ್ಲಿ ಏನೋ ಇಂಪಾಗಿ ನುಡಿಸತೊಡಗಿದ.

“ದಿನೇಶ್, ನಿಲ್ಸಿ” ಎಂದಳು ಅವಳು. “ನನಗೆ ಕೇಳಿಸ್ತಿಲ್ಲ.”

ಅದೂ ಮೈಕಿನಲ್ಲೇ ಹೋಯಿತು. ದಿನೇಶನ ಕೈ ಕೀಗಳ ಮೇಲೆ ಹಾಗೇ ನಿಂತಿತು.

ಡ್ರಮ್ಮನ್ನು ತೊಡೆಯ ಮೇಲೇ ನೆಟ್ಟಗೆ ಮಾಡಿ, ಸೊಂಟಕ್ಕೆ ಸಿಕ್ಕಿಸಿದ್ದ ಪುಟ್ಟ ಚೀಲದಿಂದ ಬೋಲ್ಟ್ ತಿರುಗಿಸುವ ಕೀ ತೆಗೆದು ಕೆಲಸಕ್ಕೆ ಕೂತಳು. ಮೊದಲ ಬೋಲ್ಟು ಅರ್ಧ ಸುತ್ತು ಸಡಿಲವಾಗಿತ್ತು. ಎದುರಿನದೂ ಸರಿಯಾಗಿ ಅರ್ಧ ಸುತ್ತು. ಉಳಿದವನ್ನು ಬೆರಳಿಂದ ಮುಟ್ಟಿ ನೋಡಿದರೆ ಎಲ್ಲವೂ ಅರ್ಧ ಸುತ್ತು, ಒಂದಕ್ಕೊಂದು ಕೂದಲೆಳೆಯ ವ್ಯತ್ಯಾಸವಿಲ್ಲ. ಮೂರನೆಯ ಬೋಲ್ಟಿಗೆ ಬರುವಾಗಲೇ ಅವಳಿಗೆ ಗೊತ್ತಾಯಿತು. ದಿನೇಶ ಆಗಿದ್ದರೆ ಕೈಗೆ ಸಿಕ್ಕ ಎರಡನ್ನು ಸಡಿಲಿಸಿ ಓಡುತ್ತಿದ್ದ. ಡ್ರಮ್ಮಿನ ಕೀ ಎತ್ತ ತಿರುಗಿಸಬೇಕೆಂದೂ ಅವನಿಗೆ ತಿಳಿಯದು. ಇಷ್ಟು ಸಮನಾಗಿ, ಡ್ರಮ್ಮಿಗೆ ನೋವಾಗದ ಹಾಗೆ ಬಿಚ್ಚಲು ಬಲ್ಲ ಕೈ ಒಂದೇ. ಆ ಕೈ ಬೇಸ್‌ಮೆಂಟಿನಲ್ಲಿ ಅವಳ ಪಕ್ಕ ಟಾರ್ಚ್ ಹಿಡಿದು ನಿಂತಿತ್ತು.

ತಲೆ ಎತ್ತಿ ನೋಡಿದಳು. ಶ್ರೀಧರ ಮೂರನೆಯ ಸಾಲಿನಲ್ಲಿ ಕೂತಿದ್ದ. ಅವನು ಸ್ಟೇಜು ನೋಡುತ್ತಿರಲಿಲ್ಲ. ತನ್ನ ಷೂ ನೋಡಿಕೊಳ್ಳುತ್ತಿದ್ದ.

 ಒಂದು ಕ್ಷಣ ಅವಳಿಗೆ ಕೀ ಎಸೆದು ಇಳಿದುಹೋಗಬೇಕೆನ್ನಿಸಿತು. ಇಲ್ಲವೇ, ಹೇಗಿದೆಯೋ ಹಾಗೇ ಬಾರಿಸಿ ಮುಗಿಸಿ, ಮನೆಗೆ ಹೋಗಿ ಅಡುಗೆ ಮಾಡಿ, ಏನೂ ಆಗದವಳಂತೆ ಇದ್ದುಬಿಡಬಹುದು. ಅದು ಅವಳಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ. ಕಣ್ಣಂಚಿನ ನೀರನ್ನು ಸೆರಗಿನಿಂದ ಒರೆಸಿಕೊಂಡು ನಾಲ್ಕನೆಯ ಬೋಲ್ಟಿಗೆ ಕೀ ಹಾಕಿದಳು.

ಟಕ್. ಕಿವಿಗೊಟ್ಟಳು. ಕಾಲು ಸುತ್ತು. ಟಕ್. ಮೈಕು ಪ್ರತಿ ಟಕ್ಕನ್ನೂ ಹಾಲಿನ ತುದಿಯವರೆಗೆ ಒಯ್ಯುತ್ತಿತ್ತು. ಮೊದಲು ಮಕ್ಕಳು ಕಿಸಿಕಿಸಿ ನಕ್ಕರು. ಆಮೇಲೆ ನಗು ನಿಂತಿತು. ಒಂದೊಂದು ತಟ್ಟಿಗೂ ಸ್ವರ ಚೂರುಚೂರೇ ಮೇಲೇರುವುದು ಯಾರ ಕಿವಿಗಾದರೂ ತಿಳಿಯುವಂತಿತ್ತು. ಗುಸುಗುಸು ಅಡಗಿತು. ಮುಂದಿನ ಸಾಲಿನಲ್ಲಿ ಒಬ್ಬ ಅಂಕಲ್ ವಾಚು ನೋಡಿಕೊಂಡು, “ಏನಮ್ಮಾ ಇದು, ಎಷ್ಟು ಹೊತ್ತು?” ಎಂದು ಗಟ್ಟಿಯಾಗಿಯೇ ಕೇಳಿದರು.

“ಆಗೋವರೆಗೂ ಅಂಕಲ್” ಎಂದಳು, ಕೀ ತಿರುಗಿಸುತ್ತಲೇ.

ಯಾರೋ ಹಿಂದೆ ಚಪ್ಪಾಳೆ ತಟ್ಟಿದರು. ಒಬ್ಬರೇ. ಉಳಿದವರು ಸೇರಲಿಲ್ಲ. ಅವಳು ಡ್ರಮ್ಮನ್ನು ಮತ್ತೆ ಸ್ಟ್ಯಾಂಡಿಗೆ ಕೂರಿಸಿ, ತಂತಿಯ ಲಿವರ್ ಎತ್ತಿ, ಬಿಗಿ ನೋಡಿ, ಕೋಲು ತೆಗೆದುಕೊಂಡಳು. ರೇಣು ಹಿಂದಕ್ಕೆ ತಿರುಗಿ ಹುಬ್ಬೇರಿಸಿದಳು. ಸುಹಾಸಿನಿ ತಲೆಯಾಡಿಸಿದಳು.

ಎರಡು ಪೆಟ್ಟು.

ಛಟ್ ಎಂದದ್ದು ಆಡಿಟೋರಿಯಮ್ಮಿನ ಚಾವಣಿಗೆ ಹೊಡೆಯಿತು. ಮುಂದಿನ ಸಾಲಿನ ಅಂಕಲ್ ಬೆಚ್ಚಿ ಬೆನ್ನು ನೆಟ್ಟಗೆ ಮಾಡಿಕೊಂಡರು. ಎಳೆಮಗುವೊಂದು ಅಳತೊಡಗಿತು. ಇಬ್ಬರು ಹೆಂಗಸರು ಕಿವಿ ಮುಚ್ಚಿಕೊಂಡರು, ಆಮೇಲೆ ಅವರಲ್ಲೊಬ್ಬಳು ಕೈ ತೆಗೆದಳು. ಆ ಠೇಂಕಾರ ಇನ್ನೂ ಗಾಳಿಯಲ್ಲಿರುವಾಗಲೇ ರೇಣು ಎತ್ತಿಕೊಂಡಳು. ಎಂದಿಗಿಂತ ದೊಡ್ಡ ದನಿಯಲ್ಲಿ, ಡ್ರಮ್ಮಿಗೆ ಎದುರುಬದುರಾಗಿ. ದಿನೇಶನ ಕೀಬೋರ್ಡು ಹಿಂದಿನಿಂದ ಓಡಿಬಂದು ಸೇರಿಕೊಂಡಿತು. ಇದ್ದ ಹಾಡುಗಳನ್ನೆಲ್ಲ ಸುಹಾಸಿನಿ ಅದೇ ಸದ್ದಿನಲ್ಲಿ ಬಾರಿಸಿದಳು. ಒಂದು ನಿಧಾನದ ಹಾಡಿನಲ್ಲಿ ಅದು ಸ್ವಲ್ಪ ಹೆಚ್ಚೇ ಆಯಿತು. ಅದು ಅವಳಿಗೂ ತಿಳಿಯಿತು. ಪೆಟ್ಟು ಹಗುರ ಮಾಡಿದಳು. ಸದ್ದನ್ನು ಮಾತ್ರ ಬದಲಿಸಲಿಲ್ಲ.

ಕಾರ್ಯಕ್ರಮ ಮುಗಿದು ಡ್ರಮ್ಮನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು, “ಕೀ ಕೊಡಿ, ನಾನು ಡ್ರೈವ್ ಮಾಡ್ತೀನಿ” ಎಂದಳು. ಎಂದೂ ಹಾಗೆ ಹೇಳಿದವಳಲ್ಲ. ಶ್ರೀಧರ ಜೇಬಿನಿಂದ ತೆಗೆದು ಕೊಟ್ಟ. 696 ಹೆದ್ದಾರಿಯ ಮೇಲೆ ಸಂಜೆಗೆಂಪು ಇನ್ನೂ ಉಳಿದಿತ್ತು; ಲಾರಿಗಳು ಸಾಲಾಗಿ ಪೂರ್ವಕ್ಕೆ ಹೋಗುತ್ತಿದ್ದವು.

“ದಿನೇಶ್ ಹೇಳಿದ್ರಾ?” ಎಂದು ಕೇಳಿದಳು.

ಅವನು ಸುಳ್ಳು ಹೇಳಲಿಲ್ಲ. “ಇಲ್ಲ. ಅವನು ಬೇಜಾರ್ ಮಾಡ್ಕೊಂಡಿದ್ದ. ಪ್ರೋಗ್ರಾಂ ಆದ್ಮೇಲೆ ನಿನ್ನ ತೆಗೀತೀನಿ ಅಂತಿದ್ದ. ನಾನೇ ಅಂದ್ಕೊಂಡೆ, ಇವತ್ತೊಂದಿನ ಸುಸೂತ್ರ ಆಗ್ಲಿ, ಎಲ್ಲಾ ಸರಿಹೋಗತ್ತೆ ಅಂತ. ನೀನು ಊಟಕ್ಕೆ ಹೋದಾಗ, ಮನೇಲಿದ್ದ ಇನ್ನೊಂದು ಡ್ರಮ್ ಕೀ ತಂದು ಸಡಿಲ ಮಾಡ್ದೆ. ನಿನಗೆ ಗೊತ್ತಾಗಲ್ಲ ಅಂದ್ಕೊಂಡೆ.”

“ನನಗೆ ಗೊತ್ತಾಗಲ್ಲ ಅಂತ!”

“ಮೈಕಲ್ಲಿ ಹಾಗೆ ಹೇಳ್ಬೇಕಾಗಿತ್ತಾ ಸುಹಾ? ಎಲ್ಲರ ಮುಂದೆ?”

“ಎಲ್ಲರ ಮುಂದೇನೇ ಅಲ್ವಾ ನಾನು ಬಾರಿಸ್ಬೇಕಾಗಿದ್ದು?” ಅವಳ ದನಿ ಇಳಿಯಲಿಲ್ಲ. “ನನ್ನನ್ನ ಒಂದು ಮಾತು ಕೇಳಬಹುದಿತ್ತು.”

“ಕೇಳಿದ್ರೆ ನೀನು ಬೇಡ ಅಂತಿದ್ದೆ.”

“ಹೂಂ. ಅಂತಿದ್ದೆ. ಅದಕ್ಕೇ ಕೇಳ್ಬೇಕಾಗಿತ್ತು.”

 ಅವನು ಕಿಟಕಿಯಾಚೆ ನೋಡುತ್ತ, “ಮುಂಚೆ ನೀನು ಹೀಗಿರ್ಲಿಲ್ಲ” ಎಂದ. ಅದರಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದಿಗಿಲಿತ್ತು.

“ಇದ್ದೆನೋ ಇಲ್ವೋ ಗೊತ್ತಿಲ್ಲಾರೀ. ಈಗ ಹೀಗಿದೀನಿ. ಇನ್ನೊಂದ್ಸಲ ಆ ಡ್ರಮ್ ಮುಟ್ಟಬೇಡಿ.”

ಅವನು ಸಾರಿ ಎಂದ. ಅವಳು ಪರವಾಗಿಲ್ಲ ಎನ್ನಲಿಲ್ಲ. ಮನೆ ತಲುಪುವವರೆಗೂ ಆ ಮಾತಿಗಾಗಿ ಅವನು ಕಾಯುತ್ತಿದ್ದುದು ಅವಳಿಗೆ ಗೊತ್ತಿತ್ತು. ಬಾಯಿಗೆ ಬರಲಿಲ್ಲ, ಬರಿಸಿಕೊಳ್ಳಲೂ ಇಲ್ಲ. ಮರುದಿನ ಅವಳೊಬ್ಬಳೇ ಡ್ರಮ್ಮು, ಸ್ಟ್ಯಾಂಡು, ಸ್ಟೂಲು ಎಲ್ಲವನ್ನೂ ಬೇಸ್‌ಮೆಂಟಿನಿಂದ ಮೇಲೆ ತಂದು, ಅತಿಥಿಗಳು ಬಂದಾಗ ಮಾತ್ರ ಕೂರುತ್ತಿದ್ದ ಮುಂದಿನ ಕೋಣೆಯಲ್ಲಿ, ರಸ್ತೆಗೆ ಕಾಣುವ ದೊಡ್ಡ ಕಿಟಕಿಯ ಪಕ್ಕ ಹಾಕಿದಳು. ಗಾಜಿನ ಟೀಪಾಯಿ ಅಲ್ಲಿಂದ ಎದ್ದು ಮೂಲೆ ಸೇರಿತು.

ವಾರ ಕಳೆಯುವಷ್ಟರಲ್ಲಿ ಬ್ಯಾಂಡಿನ ವಾಟ್ಸಾಪ್ ಗುಂಪಿನಲ್ಲಿ ದಿನೇಶನ ಮೆಸೇಜು ಬಂತು: ಇನ್ನುಮುಂದೆ ಎಲೆಕ್ಟ್ರಾನಿಕ್ ಪ್ಯಾಡ್, ಬಾರಿಸುವುದು ಅನುಜ್ ಎಂಬ ಹೊಸ ಹುಡುಗ, ಸುಹಾಸಿನಿ ಅವರ ಕೊಡುಗೆಗೆ ಧನ್ಯವಾದ, ಕೈಮುಗಿದ ಚಿತ್ರ. ಓದಿದಾಗ ಎದೆ ಚುರ್ ಎಂದಿತು. ಭಾನುವಾರ ಮಧ್ಯಾಹ್ನಗಳು ಅವಳಿಗೆ ಬೇಕಾಗಿದ್ದವು. ಅವರ ಚಹಾ, ತಮಾಷೆ, ಒಟ್ಟಿಗೆ ತಪ್ಪಿ ಒಟ್ಟಿಗೆ ನಗುವುದು, ಎಲ್ಲವೂ. ಪಾರ್ಟಿಗಳಿಗೆ ಕರೆಯುವುದೂ ಕಮ್ಮಿಯಾಯಿತು. ಸಿಕ್ಕವರಲ್ಲಿ ಕೆಲವರು “ಅವತ್ತು ಏನ್ ಧೈರ್ಯ ರೀ ನಿಮ್ದು” ಅಂದರು. ಆ ಮಾತು ಹೊಗಳಿಕೆಯೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ. ಗುಂಪಿನಲ್ಲಿ ಒಳ್ಳೆಯದಾಗಲಿ ಎಂದಷ್ಟೇ ಬರೆದು ಹೊರಬಂದಳು. ಟವೆಲ್ ಹಾಕಿಕೊಂಡಾದರೂ ಬರುತ್ತೇನೆ ಎಂದು ಬರೆಯಲಿಲ್ಲ.

ಡಿಸೆಂಬರಿನಲ್ಲಿ, ಹಿಮ ಬಿದ್ದು ಡ್ರೈವ್‌ವೇ ಮುಚ್ಚಿಹೋಗಿದ್ದ ಒಂದು ಮಧ್ಯಾಹ್ನ, ರೇಣು ಬೂಟಿನ ಹಿಮ ಕೊಡವಿಕೊಂಡು ಒಳಗೆ ಬಂದಳು.

“ಅಕ್ಕಾರ, ನಾನೂ ಬಿಟ್ಟೆ. ಆ ಪ್ಯಾಡ್ ಒಳಗ ಸತ್ತದ್ದಕ್ಕೂ ಹುಟ್ಟಿದ್ದಕ್ಕೂ ಒಂದ ಸದ್ದು. ಸಂಕ್ರಾಂತಿಗೆ ನಾವಿಬ್ರ ಒಂದು ಐಟಂ ಮಾಡೂಣು. ಕೀಬೋರ್ಡ್ ಇಲ್ಲ, ಏನಿಲ್ಲ. ನನ್ನ ದನಿ, ನಿಮ್ಮ ಡ್ರಮ್ಮು. ರಮೇಶ್ ಅವರಿಗೆ ಹೆಸರು ಕೊಟ್ಟೇ ಬಂದೀನಿ.”

“ಒಪ್ಪಿದ್ರಾ?”

“ಮಾರಿ ಸಣ್ಣದ ಮಾಡಿದ್ರು. ಬ್ಯಾಡ ಅನ್ನಾಕ ಕಾರಣ ಸಿಗಲಿಲ್ಲ.”

ಕಾಫಿ ಕುಡಿದು ಶುರು ಮಾಡಿದರು. ಒಂದು ಸಾಲು ಹಾಡಿ ರೇಣು ತಡೆದಳು. “ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ನನ್ನ ಶ್ರುತಿಗೆ ಒಂಚೂರು ಇಳಿಸಿ ನೋಡೂಣೇನು?”

ಕೇಳಿದ್ದಾಳಲ್ಲ ಎಂದು ಸುಹಾಸಿನಿ ಇಳಿಸಿ ನೋಡಿದಳು. ಸುತ್ತಲ ಬೋಲ್ಟುಗಳಿಗೆಲ್ಲ ಎದುರುಬದುರಾಗಿ ಕಾಲು ಸುತ್ತು ಬಿಟ್ಟು, ತಟ್ಟಿ, ಕಣ್ಣು ಮುಚ್ಚಿ ಕೇಳಿದಳು. ಕೆಟ್ಟದಾಗೇನೂ ಇರಲಿಲ್ಲ. ಆದರೆ ಅವಳದಾಗಿರಲಿಲ್ಲ. ಮತ್ತೆ ಮೊದಲಿನ ಜಾಗಕ್ಕೇ ತಂದು ಕೀ ಕೆಳಗಿಟ್ಟಳು.

“ಇಲ್ಲ ರೇಣು. ಇದು ಇಲ್ಲೇ ಇರತ್ತೆ. ನೀನೇ ಒಂಚೂರು ಏರಿಸು.”

ರೇಣು ಅವಳನ್ನು ದುರುಗುಟ್ಟಿ ನೋಡಿದಳು, ಆಮೇಲೆ ಬಿದ್ದು ಬಿದ್ದು ನಕ್ಕಳು. “ನೀವು ಸುಧಾರಿಸೂ ಪೈಕಿ ಅಲ್ಲ ಬಿಡ್ರಿ” ಎಂದು ಗಂಟಲು ಸರಿಮಾಡಿಕೊಂಡು, ಒಂದು ಸ್ವರ ಮೇಲಿಂದ ಎತ್ತಿಕೊಂಡಳು.

ಹಾಡು ಅರ್ಧಕ್ಕೆ ಬಂದಾಗ ಶ್ರೀಧರ ಮಹಡಿಯಿಂದ ಇಳಿದು ಬಂದು ಕೊನೆಯ ಮೆಟ್ಟಿಲಲ್ಲಿ ನಿಂತ. ರಾಜ್ಯೋತ್ಸವದ ಆ ಶನಿವಾರದಿಂದ ಈಚೆಗೆ ಅವಳು ಬಾರಿಸುವಾಗ ಅವನು ಆ ಕೋಣೆಗೆ ಬಂದಿರಲಿಲ್ಲ. ಇಬ್ಬರ ನಡುವೆ ಬೇಕಾದಷ್ಟೇ ಮಾತು ನಡೆದಿತ್ತು. ಹಾಡು ನಿಂತಾಗ, “ನಾನು ಕೂತು ಕೇಳಲಾ?” ಎಂದು ಕೇಳಿದ.

ಸುಹಾಸಿನಿ ಕೋಲುಗಳನ್ನು ಒಂದೇ ಕೈಗೆ ಹಿಡಿದು ಅವನನ್ನು ನೋಡಿದಳು. ಮುಖ ಸೋತಿತ್ತು. ಬನ್ನಿ ಎಂದುಬಿಟ್ಟರೆ ಮನೆ ಮತ್ತೆ ಮೊದಲಿನಂತಾಗುತ್ತದೆ ಎಂಬ ಆಸೆ ಅದರಲ್ಲಿತ್ತು.

“ಕೂತ್ಕೊಳ್ಳಿ” ಎಂದಳು. “ಸೌಂಡ್ ಬಗ್ಗೆ ಮಾತ್ರ ಏನೂ ಹೇಳ್ಬೇಡಿ.”

ಅವನು ಮೂಲೆಯ ಕುರ್ಚಿಯಲ್ಲಿ ಕೂತ. ಅವಳು ರೇಣುವಿನತ್ತ ತಲೆಯಾಡಿಸಿ, ಕೈ ಎತ್ತಿ, ಮೊದಲಿಗಿಂತ ಗಟ್ಟಿಯಾಗಿ ಹೊಡೆದಳು. ಕಿಟಕಿಯ ಗಾಜು ಅದುರಿತು. ಹೊರಗೆ ಹಿಮ ಗೋರುತ್ತಿದ್ದ ಪಕ್ಕದ ಮನೆಯವನು ಸಲಿಕೆ ನಿಲ್ಲಿಸಿ ಇತ್ತ ತಿರುಗಿದ. ಶ್ರೀಧರನ ಭುಜಗಳು ಮೇಲೆದ್ದವು, ಆಮೇಲೆ ಕೆಳಗಿಳಿದವು. ಅವನು ಏನೂ ಹೇಳಲಿಲ್ಲ. ಸುಹಾಸಿನಿ ಬಾರಿಸುತ್ತ ಹೋದಳು.